ಬಳಸಿದ ಗ್ಯಾಸ್ ಗ್ರಿಲ್‌ಗಳ ತಪಾಸಣೆ ಮತ್ತು ದುರಸ್ತಿ

ಬಳಸಿದ ಗ್ಯಾಸ್ ಗ್ರಿಲ್‌ಗಳ ತಪಾಸಣೆ ಮತ್ತು ದುರಸ್ತಿ ಎಂದರೆ, ಅನಿಲದಿಂದ ಉರಿಯುವ ಹಳೆಯ ಹೊರಾಂಗಣ ಒಲೆಯೊಂದನ್ನು ಕೊಳ್ಳುವ ಅಥವಾ ಮತ್ತೆ ಬಳಕೆಗೆ ತರುವ ಮುನ್ನ ಅದರ ಸ್ಥಿತಿಯನ್ನು ಪರೀಕ್ಷಿಸಿ, ಸವೆದ ಭಾಗಗಳನ್ನು ಬದಲಾಯಿಸಿ, ಸುರಕ್ಷಿತವಾಗಿ ಉರಿಯುವಂತೆ ಮಾಡುವ ಕೆಲಸ. ಗ್ಯಾಸ್ ಗ್ರಿಲ್ ಮುಖ್ಯವಾಗಿ ಅಮೆರಿಕ ಸಂಯುಕ್ತ ಸಂಸ್ಥಾನ ಮತ್ತು ಕೆನಡಾ ದೇಶಗಳ ಮನೆಗಳ ಹಿತ್ತಲಿನಲ್ಲಿ ಬಳಕೆಯಾಗುವ ಸಾಧನವಾಗಿದೆ. ಮನೆ ಬದಲಾಯಿಸುವವರು ಮತ್ತು ಹೊಸ ಗ್ರಿಲ್ ಕೊಂಡವರು ಹಳೆಯದನ್ನು ಕಡಿಮೆ ಬೆಲೆಗೆ ಮಾರುವುದು ಅಥವಾ ಉಚಿತವಾಗಿ ಕೊಟ್ಟುಬಿಡುವುದು ಅಲ್ಲಿ ಸಾಮಾನ್ಯ.

ಗ್ರಿಲ್‌ನ ಭಾಗಗಳಲ್ಲಿ ಎರಡು ಬಗೆಗಳಿವೆ. ಬರ್ನರ್, ಶಾಖತಟ್ಟೆ, ಸರಳುಜಾಲರಿ, ಕಿಡಿ ಹೊತ್ತಿಸುವ ಸಾಧನ, ರೆಗ್ಯುಲೇಟರ್ ಮತ್ತು ಅನಿಲದ ಕೊಳವೆಗಳು ಸವೆಯುವ ಭಾಗಗಳು, ಇವನ್ನು ಬದಲಾಯಿಸಬಹುದು. ಒಡಲು, ಮುಚ್ಚಳ ಮತ್ತು ಚೌಕಟ್ಟು ಕೆಟ್ಟರೆ ದುರಸ್ತಿಯಿಂದ ಸಾಮಾನ್ಯವಾಗಿ ಪ್ರಯೋಜನವಿಲ್ಲ. ಜ್ವಾಲೆ ಸಣ್ಣದಾಗಿರುವುದು ಅಥವಾ ಕಿಡಿ ಹೊತ್ತದಿರುವುದು ಮಾರುವವರು ಹೇಳುವ ಸಾಮಾನ್ಯ ದೂರುಗಳು. ಇವು ಬಹುಪಾಲು ಸುಲಭವಾಗಿ ಸರಿಹೋಗುತ್ತವೆ. ಆದರೆ ಹೊರನೋಟಕ್ಕೆ ಕಾಣದ ಅನಿಲ ಸೋರಿಕೆ ಮತ್ತು ಒಡಲಿನ ತಳದ ತುಕ್ಕು ಬೆಂಕಿ ಅನಾಹುತಕ್ಕೆ ಕಾರಣವಾಗಬಲ್ಲವು. ಆದುದರಿಂದ ಸೋರಿಕೆ ಪರೀಕ್ಷೆ ಮುಗಿಯುವವರೆಗೆ ಯಾವುದೇ ಹಳೆಯ ಗ್ರಿಲ್ಲನ್ನು ಹೊತ್ತಿಸಬಾರದು ಎಂಬುದು ಈ ಕೆಲಸದ ಮೂಲ ನಿಯಮ.

## ಹಿನ್ನೆಲೆ

ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ನಗರಗಳ ಹೊರವಲಯದಲ್ಲಿ ಹಿತ್ತಲುಳ್ಳ ಮನೆಗಳು ಹೆಚ್ಚಿದಂತೆ ಹೊರಾಂಗಣದಲ್ಲಿ ಮಾಂಸ, ಮೀನು, ತರಕಾರಿಗಳನ್ನು ಸುಟ್ಟು ತಿನ್ನುವ ರೂಢಿ ಬೆಳೆಯಿತು. 1952ರಲ್ಲಿ ಷಿಕಾಗೋ ಸಮೀಪದ ಜಾರ್ಜ್ ಸ್ಟೀಫನ್ ಎಂಬುವರು ಮುಚ್ಚಳವುಳ್ಳ ದುಂಡನೆಯ ಇದ್ದಿಲು ಗ್ರಿಲ್ಲನ್ನು ರೂಪಿಸಿದರು. ಅನಿಲದಿಂದ ಉರಿಯುವ ಗ್ರಿಲ್‌ಗಳು 1950 ಮತ್ತು 1960ರ ದಶಕಗಳಲ್ಲಿ ಬಳಕೆಗೆ ಬಂದವು. ಆ ಕಾಲದ ಅನೇಕ ಮಾದರಿಗಳಲ್ಲಿ ಬರ್ನರ್ ಮೇಲೆ ಜ್ವಾಲಾಮುಖಿ ಶಿಲೆಯ ತುಂಡುಗಳನ್ನು ಹರಡಲಾಗುತ್ತಿತ್ತು. ಕಲ್ಲುಗಳು ಶಾಖವನ್ನು ಹರಡುತ್ತಿದ್ದವು. ಆದರೆ ಅವುಗಳಲ್ಲಿ ಜಿಡ್ಡು ಸೇರಿಕೊಂಡು ಬೆಂಕಿ ಭುಗಿಲೇಳುತ್ತಿತ್ತು. 1985ರಲ್ಲಿ ವೆಬರ್ ಸಂಸ್ಥೆ ಹೊರತಂದ ಜೆನೆಸಿಸ್ ಮಾದರಿಯಲ್ಲಿ ಕಲ್ಲುಗಳ ಬದಲು ತಲೆಕೆಳಗಾದ ವಿ ಆಕಾರದ ಲೋಹದ ಪಟ್ಟಿಗಳನ್ನು ಅಳವಡಿಸಲಾಯಿತು. ಇಂದಿನ ಹೆಚ್ಚಿನ ಗ್ರಿಲ್‌ಗಳಲ್ಲಿ ಇದೇ ಬಗೆಯ ಶಾಖತಟ್ಟೆಗಳಿವೆ.

ಸುರಕ್ಷತೆಯ ದೃಷ್ಟಿಯಿಂದ ಎರಡು ಬದಲಾವಣೆಗಳು ಮುಖ್ಯವಾದವು. 1990ರ ದಶಕದ ಮಧ್ಯಭಾಗದಲ್ಲಿ ಸಿಲಿಂಡರ್ ಮತ್ತು ರೆಗ್ಯುಲೇಟರ್ ನಡುವೆ ಕೈಯಿಂದಲೇ ಬಿಗಿಮಾಡುವ, ಟೈಪ್ 1 ಎಂದು ಕರೆಯಲಾಗುವ ಹೊಸ ಜೋಡಣೆ ಬಂದಿತು. ನಂತರ ಅತಿಯಾಗಿ ತುಂಬುವುದನ್ನು ತಡೆಯುವ ಒಪಿಡಿ ಕವಾಟ ಬಂದಿತು. 2002ರ ಏಪ್ರಿಲ್‌ನಿಂದ ಅಮೆರಿಕದಲ್ಲಿ ಈ ಕವಾಟವಿಲ್ಲದ ಮನೆಬಳಕೆಯ ಗ್ರಿಲ್ ಸಿಲಿಂಡರ್‌ಗಳನ್ನು ಮತ್ತೆ ತುಂಬುವಂತಿಲ್ಲ. ಆದುದರಿಂದ ಬಹಳ ಹಳೆಯ ಗ್ರಿಲ್ ಕೊಳ್ಳುವವರು ಅದರೊಡನೆ ಬರುವ ಸಿಲಿಂಡರ್ ಮತ್ತು ರೆಗ್ಯುಲೇಟರ್ ಯಾವ ಕಾಲದವು ಎಂಬುದನ್ನು ಮೊದಲು ಗಮನಿಸಬೇಕಾಗುತ್ತದೆ.

## ರಚನೆ ಮತ್ತು ಕಾರ್ಯವಿಧಾನ

ಗ್ರಿಲ್‌ನ ಇಂಧನ ಪ್ರೊಪೇನ್ ಅಥವಾ ನೈಸರ್ಗಿಕ ಅನಿಲ. ಪ್ರೊಪೇನ್ ಸಿಲಿಂಡರ್‌ನಲ್ಲಿ ದ್ರವರೂಪದಲ್ಲಿದ್ದು, ಹೊರಬರುವಾಗ ಅನಿಲವಾಗುತ್ತದೆ. ಸಾಮಾನ್ಯ ವಾಯುಮಂಡಲದ ಒತ್ತಡದಲ್ಲಿ ಅದರ ಕುದಿಬಿಂದು ಶೂನ್ಯಕ್ಕಿಂತ 42 ಸೆಲ್ಸಿಯಸ್ ಡಿಗ್ರಿ ಕೆಳಗಿದೆ. ಅದು ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರವಾದ್ದರಿಂದ ಸೋರಿದಾಗ ಮೇಲೇರಿ ಚದುರುವುದಿಲ್ಲ. ನೆಲಮಟ್ಟದಲ್ಲಿ, ತಗ್ಗುಗಳಲ್ಲಿ, ಗ್ರಿಲ್‌ನ ಕೆಳಗಿನ ಬೀರುವಿನಲ್ಲಿ ಸಂಗ್ರಹವಾಗುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ಶೇಕಡಾ 2ರಿಂದ 10ರ ಆಸುಪಾಸಿನಲ್ಲಿರುವಾಗ ಒಂದು ಕಿಡಿ ಸಾಕು, ಹೊತ್ತಿಕೊಳ್ಳುತ್ತದೆ. ಪ್ರೊಪೇನ್‌ಗೆ ಸ್ವಂತ ವಾಸನೆ ಇಲ್ಲ. ಸೋರಿಕೆ ತಿಳಿಯಲೆಂದು ಈಥೈಲ್ ಮರ್ಕ್ಯಾಪ್ಟನ್ ಎಂಬ ದುರ್ವಾಸನೆಯ ವಸ್ತುವನ್ನು ಸೇರಿಸಲಾಗುತ್ತದೆ.

ಅನಿಲವು ಸಿಲಿಂಡರ್‌ನಿಂದ ರೆಗ್ಯುಲೇಟರ್‌ಗೆ ಬರುತ್ತದೆ. ರೆಗ್ಯುಲೇಟರ್ ಅದರ ಒತ್ತಡವನ್ನು ಸುಮಾರು 11 ಇಂಚು ನೀರಿನ ಸ್ತಂಭದಷ್ಟಕ್ಕೆ ಇಳಿಸುತ್ತದೆ. ಅಲ್ಲಿಂದ ಅನಿಲ ರಬ್ಬರ್ ಕೊಳವೆಯ ಮೂಲಕ ಹಂಚುಕೊಳವೆಗೆ, ಅಲ್ಲಿಂದ ಪ್ರತಿ ಗುಂಡಿಯ ಹಿಂದಿರುವ ಕವಾಟಕ್ಕೆ ಹೋಗುತ್ತದೆ. ಕವಾಟದ ತುದಿಯಲ್ಲಿ ಅತಿ ಸಣ್ಣ ರಂಧ್ರವುಳ್ಳ ಹಿತ್ತಾಳೆಯ ಮೂತಿ ಇರುತ್ತದೆ. ಮೂತಿಯಿಂದ ವೇಗವಾಗಿ ಹೊರಡುವ ಅನಿಲವು ಬರ್ನರ್‌ನ ಕತ್ತಿನಲ್ಲಿರುವ ವೆಂಚುರಿ ಕೊಳವೆಯನ್ನು ಹೊಕ್ಕು, ಅಕ್ಕಪಕ್ಕದ ಗಾಳಿಯನ್ನು ಸೆಳೆದುಕೊಂಡು ಅದರೊಡನೆ ಬೆರೆಯುತ್ತದೆ. ಈ ಮಿಶ್ರಣ ಬರ್ನರ್‌ನ ಸಾಲುರಂಧ್ರಗಳಲ್ಲಿ ಉರಿಯುತ್ತದೆ. ಬರ್ನರ್ ಮೇಲಿನ ಶಾಖತಟ್ಟೆಗಳು ಜ್ವಾಲೆಯ ಮೇಲೆ ಜಿಡ್ಡು ಬೀಳದಂತೆ ಕಾಪಾಡುತ್ತವೆ. ಹೆಚ್ಚಾದ ಜಿಡ್ಡು ಇಳಿಜಾರಿನ ತಟ್ಟೆಯ ಮೂಲಕ ಕೆಳಗಿನ ಬಟ್ಟಲಿಗೆ ಹರಿಯುತ್ತದೆ.

ನೈಸರ್ಗಿಕ ಅನಿಲದ ಗ್ರಿಲ್ ನೋಡಲು ಹೀಗೆಯೇ ಇದ್ದರೂ ಅದರ ಮೂತಿಗಳ ರಂಧ್ರ ದೊಡ್ಡದು, ಅನಿಲದ ಒತ್ತಡ ಕಡಿಮೆ. ಸಮಾನ ಗಾತ್ರದ ಪ್ರೊಪೇನ್‌ನಲ್ಲಿ ನೈಸರ್ಗಿಕ ಅನಿಲಕ್ಕಿಂತ ಸುಮಾರು ಎರಡೂವರೆ ಪಟ್ಟು ಶಾಖವಿದೆ. ಆದುದರಿಂದ ನೈಸರ್ಗಿಕ ಅನಿಲಕ್ಕಾಗಿ ತಯಾರಾದ ಗ್ರಿಲ್‌ಗೆ ಪ್ರೊಪೇನ್ ಸಿಲಿಂಡರ್ ಜೋಡಿಸಿದರೆ ಜ್ವಾಲೆ ಅಪಾಯಕಾರಿಯಾಗಿ ಹಿಗ್ಗುತ್ತದೆ. ತಯಾರಕರು ಆ ಮಾದರಿಗೆಂದೇ ಪರಿವರ್ತನಾ ಸಾಮಗ್ರಿ ಒದಗಿಸಿದ್ದರೆ ಮಾತ್ರ ಒಂದನ್ನು ಇನ್ನೊಂದಕ್ಕೆ ಬದಲಾಯಿಸಬಹುದು. ಮೂತಿಯ ರಂಧ್ರವನ್ನು ಕೊರೆದು ಹಿಗ್ಗಿಸುವುದು ಸಲ್ಲದು.

## ಕೊಳ್ಳುವ ಮುನ್ನ ತಪಾಸಣೆ

### ಮಾಹಿತಿ ಫಲಕ

ಗ್ರಿಲ್‌ನ ಹಿಂಬದಿಯಲ್ಲಿ ಅಥವಾ ಬೀರುವಿನ ಒಳಬಾಗಿಲಿನಲ್ಲಿ ಮಾದರಿ ಸಂಖ್ಯೆ, ಕ್ರಮಸಂಖ್ಯೆ ಮತ್ತು ಇಂಧನದ ಬಗೆಯನ್ನು ತಿಳಿಸುವ ಫಲಕವಿರುತ್ತದೆ. ಬಿಡಿಭಾಗಗಳನ್ನು ಹುಡುಕಲು ಮಾದರಿ ಸಂಖ್ಯೆ ಬೇಕೇಬೇಕು. ಅದೇ ಸಂಖ್ಯೆಯಿಂದ, ಆ ಮಾದರಿಯನ್ನು ದೋಷದ ಕಾರಣಕ್ಕೆ ತಯಾರಕರು ಹಿಂದೆ ಪಡೆದಿದ್ದಾರೆಯೇ ಎಂಬುದನ್ನು ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ಪಟ್ಟಿಯಲ್ಲಿ ನೋಡಬಹುದು. ಅಂತಹ ಉತ್ಪನ್ನಗಳ ಮಾರಾಟವನ್ನು 2008ರ ಗ್ರಾಹಕ ಉತ್ಪನ್ನ ಸುರಕ್ಷತಾ ಸುಧಾರಣಾ ಕಾಯಿದೆ ನಿಷೇಧಿಸುತ್ತದೆ. ಫಲಕ ಕಳೆದುಹೋಗಿದ್ದರೆ ಇಂಧನದ ಬಗೆಯನ್ನು ಊಹಿಸಿ ಕೊಳ್ಳುವುದು ಸರಿಯಲ್ಲ.

### ಒಡಲು ಮತ್ತು ಚೌಕಟ್ಟು

ಸರಳುಜಾಲರಿ ಮತ್ತು ಶಾಖತಟ್ಟೆಗಳನ್ನು ಹೊರತೆಗೆದು, ಬರ್ನರ್‌ಗಳನ್ನು ಹೊತ್ತಿರುವ ಒಡಲಿನ ತಳ ಮತ್ತು ಮೂಲೆಗಳನ್ನು ಬೆಳಕು ಹಾಯಿಸಿ ನೋಡಬೇಕು. ಎರಕದ ಅಲ್ಯೂಮಿನಿಯಂ ಒಡಲಿಗೆ ತುಕ್ಕು ಹಿಡಿಯುವುದಿಲ್ಲವಾದರೂ ಬಿರುಕು ಬಿಡಬಹುದು, ಜಿಡ್ಡಿನ ಬೆಂಕಿ ಬಿದ್ದಿದ್ದರೆ ಸೊಟ್ಟಗಾಗಿರಬಹುದು. ತಗಡಿನ ಒಡಲನ್ನು ತಿರುಪುಳಿಯ ಹಿಂತುದಿಯಿಂದ ಒತ್ತಿ ನೋಡಬೇಕು. ಮೇಲ್ಮೈಯ ಕಂದು ತುಕ್ಕು ಚಿಂತೆಯ ವಿಷಯವಲ್ಲ. ಒತ್ತಿದೆಡೆ ತಗಡು ಬಗ್ಗಿದರೆ, ಹಕ್ಕಳೆಯಾಗಿ ಉದುರಿದರೆ ಅಥವಾ ಬೆಳಕು ಆಚೆಬದಿಗೆ ಕಂಡರೆ ಆ ಗ್ರಿಲ್ಲನ್ನು ಬಿಡುವುದು ಒಳಿತು. ತೂತಾದ ತಳದಿಂದ ಬಿಸಿ ಜಿಡ್ಡು ಮತ್ತು ಶಾಖ ಕೆಳಗಿನ ಕೊಳವೆ ಹಾಗೂ ಸಿಲಿಂಡರ್ ಮೇಲೆ ಬೀಳುತ್ತವೆ.

ಬರ್ನರ್‌ಗಳು ಕೂರುವ ಆಧಾರಪಟ್ಟಿಗಳು ಮತ್ತು ತಿರುಪಿನ ತೂತುಗಳು ಗಟ್ಟಿಯಾಗಿರಬೇಕು. ಗಾಲಿಗಳ ಬಳಿ ಚೌಕಟ್ಟಿನ ಕೊಳವೆಗಳಲ್ಲಿ ಮಳೆನೀರು ನಿಂತು ಒಳಗಿನಿಂದ ತುಕ್ಕು ಹಿಡಿದಿರುವ ಸಾಧ್ಯತೆ ಇದೆ. ಗ್ರಿಲ್ಲನ್ನು ಹಿಡಿದು ಅಲುಗಾಡಿಸಿದರೆ ಇದು ತಿಳಿಯುತ್ತದೆ.

### ಲೋಹದ ಗುಣ

ಹೊಳೆಯುವುದೆಲ್ಲ ಒಂದೇ ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಅಲ್ಲ. ನಿಕಲ್ ಅಂಶವುಳ್ಳ 304 ದರ್ಜೆಯ ಉಕ್ಕಿಗೆ ಅಯಸ್ಕಾಂತ ಸಾಮಾನ್ಯವಾಗಿ ಹಿಡಿಯುವುದಿಲ್ಲ. ಅಗ್ಗದ 430 ದರ್ಜೆಗೆ ಹಿಡಿಯುತ್ತದೆ. ಮೊದಲನೆಯದು ತೇವ ಮತ್ತು ಉಪ್ಪುಗಾಳಿಯನ್ನು ಹೆಚ್ಚು ಕಾಲ ತಾಳುತ್ತದೆ. ಬಾಗಿಸಿದ ಅಥವಾ ತಟ್ಟಿದ ಭಾಗಗಳಲ್ಲಿ 304 ಕೂಡ ಸ್ವಲ್ಪ ಆಕರ್ಷಣೆ ತೋರಬಹುದಾದ್ದರಿಂದ ಸಮತಟ್ಟಾದ ಜಾಗದಲ್ಲಿ ಪರೀಕ್ಷಿಸಬೇಕು.

### ಬರ್ನರ್, ಶಾಖತಟ್ಟೆ, ಸರಳುಜಾಲರಿ

ಬರ್ನರ್‌ನ ಸಾಲುರಂಧ್ರಗಳು ಒಂದೇ ಅಳತೆಯಲ್ಲಿರಬೇಕು. ಎರಡು ರಂಧ್ರಗಳು ಸೇರಿ ಒಂದಾಗಿದ್ದರೆ, ಬರ್ನರ್‌ನ ತಳದಲ್ಲಿ ಅಥವಾ ಬೆಸುಗೆಯಲ್ಲಿ ತೂತಿದ್ದರೆ ಅದನ್ನು ಬದಲಾಯಿಸಬೇಕು. ಶಾಖತಟ್ಟೆಗಳು ತುಕ್ಕು ಹಿಡಿದು ತೂತಾಗುವುದು ಸಹಜ. ಪಿಂಗಾಣಿ ಲೇಪದ ಎರಕದ ಕಬ್ಬಿಣದ ಸರಳುಗಳಲ್ಲಿ ಲೇಪ ಚಕ್ಕೆಯೇಳುತ್ತಿದ್ದರೆ ಅವು ಆಹಾರಕ್ಕೆ ಸೇರುವ ಅಪಾಯವಿದೆ. ಲೇಪವಿಲ್ಲದ ಎರಕದ ಸರಳುಗಳನ್ನು ಮಾತ್ರ, ನಮ್ಮ ಕಬ್ಬಿಣದ ದೋಸೆಹಂಚಿನಂತೆ, ತುಕ್ಕು ಉಜ್ಜಿ ಎಣ್ಣೆ ಸವರಿ ಕಾಯಿಸಿ ಪಳಗಿಸಬಹುದು.

ಮುಚ್ಚಳದ ಒಳಗೆ ಕಪ್ಪು ಪದರ ಸುಲಿದು ನೇತಾಡುತ್ತಿದ್ದರೆ ಬಣ್ಣ ಏಳುತ್ತಿದೆ ಎಂದು ಕೊಳ್ಳುವವರು ಹಿಂಜರಿಯುವುದುಂಟು. ಹೆಚ್ಚಿನ ಮಾದರಿಗಳಲ್ಲಿ ಅದು ಬಣ್ಣವಲ್ಲ. ಜಿಡ್ಡು ಮತ್ತು ಹೊಗೆ ಸೇರಿ ಗಟ್ಟಿಯಾದ ಇಂಗಾಲ. ಅದನ್ನು ಉಜ್ಜಿ ತೆಗೆಯಬಹುದು.

## ಸಿಲಿಂಡರ್

ಅಮೆರಿಕದ ಗ್ರಿಲ್‌ಗಳಿಗೆ 20 ಪೌಂಡ್, ಅಂದರೆ ಸುಮಾರು 9 ಕಿಲೋಗ್ರಾಂ ಪ್ರೊಪೇನ್ ಹಿಡಿಯುವ ಸಿಲಿಂಡರ್ ಸಾಮಾನ್ಯ. ಅದರ ಕತ್ತುಪಟ್ಟಿಯ ಮೇಲೆ ತಯಾರಿಕೆಯ ತಿಂಗಳು ಮತ್ತು ವರ್ಷವನ್ನೂ ಖಾಲಿ ತೂಕವನ್ನೂ ಒತ್ತಲಾಗಿರುತ್ತದೆ. ಅಮೆರಿಕದಲ್ಲಿ ತಯಾರಿಕೆಯಾಗಿ 12 ವರ್ಷಗಳಾದ ಸಿಲಿಂಡರ್‌ಗೆ ಮರುಪರೀಕ್ಷೆಯ ಮುದ್ರೆ ಇಲ್ಲದಿದ್ದರೆ ಅನಿಲ ತುಂಬುವುದಿಲ್ಲ. ಕೆನಡಾದಲ್ಲಿ ಈ ಅವಧಿ 10 ವರ್ಷ. ತೂಗಿ, ಖಾಲಿ ತೂಕವನ್ನು ಕಳೆದರೆ ಒಳಗಿರುವ ಅನಿಲವೆಷ್ಟೆಂದು ತಿಳಿಯುತ್ತದೆ. ಗಂಟೆಗೆ 36,000 ಬಿಟಿಯು ಶಾಖ ಕೊಡುವ ಮೂರು ಬರ್ನರ್‌ಗಳ ಗ್ರಿಲ್ ಪೂರ್ಣ ಜ್ವಾಲೆಯಲ್ಲಿ ತುಂಬಿದ ಸಿಲಿಂಡರನ್ನು ಸುಮಾರು 12 ಗಂಟೆಗಳಲ್ಲಿ ಮುಗಿಸುತ್ತದೆ.

ಒಪಿಡಿ ಕವಾಟವುಳ್ಳ ಸಿಲಿಂಡರ್‌ನ ತಿರುಗುಹಿಡಿ ಮೂರು ಮೂಲೆಯ ಆಕಾರದಲ್ಲಿದ್ದು, ಅದರ ಮೇಲೆ ಆ ಅಕ್ಷರಗಳಿರುತ್ತವೆ. ಆಳವಾದ ತುಕ್ಕುಗುಳಿ, ನೆಗ್ಗು, ಉಬ್ಬು ಅಥವಾ ಸುಟ್ಟ ಗುರುತು ಇರುವ ಸಿಲಿಂಡರ್ ಬಳಕೆಗೆ ಯೋಗ್ಯವಲ್ಲ. ಹಿತ್ತಾಳೆಯ ಕವಾಟದ ಮೇಲೆ ನೀಲಿ ಮಿಶ್ರಿತ ಹಸಿರು ಕಲೆ ಇದ್ದರೆ ಅದು ಅಮೋನಿಯಾ ಸೋಕಿದ್ದರ ಸೂಚನೆಯಾಗಿರಬಹುದು. ಅಮೋನಿಯಾ ಹಿತ್ತಾಳೆಯಲ್ಲಿ ಬಿರುಕು ಹುಟ್ಟಿಸುವುದರಿಂದ ಅಂತಹ ಕವಾಟ ಹಠಾತ್ತನೆ ಮುರಿಯಬಲ್ಲದು. ಅದನ್ನು ತಿರುಗಿಸದೆ ಅನಿಲ ವಿತರಕರಿಗೆ ತಿಳಿಸಬೇಕು.

ಸಿಲಿಂಡರನ್ನು ಯಾವಾಗಲೂ ನೇರವಾಗಿ ನಿಲ್ಲಿಸಿ ಸಾಗಿಸಬೇಕು. ಗ್ರಿಲ್ಲನ್ನು ವಾಹನದಲ್ಲಿ ಒಯ್ಯುವಾಗ ಸಿಲಿಂಡರನ್ನು ಬಿಚ್ಚಿ, ಕವಾಟದ ಬಾಯಿಗೆ ಮುಚ್ಚಳ ಹಾಕಬೇಕು. ಮನೆಯೊಳಗೆ, ನೆಲಮಾಳಿಗೆಯಲ್ಲಿ ಅಥವಾ ಕಾರು ನಿಲ್ಲಿಸುವ ಕೋಣೆಯಲ್ಲಿ ಸಿಲಿಂಡರ್ ಇಡಬಾರದು.

## ಸೋರಿಕೆ ಪರೀಕ್ಷೆ

ಸಾಬೂನು ನೀರಿನ ಪರೀಕ್ಷೆ ಅತ್ಯಂತ ಸರಳವೂ ನಂಬಲರ್ಹವೂ ಆದ ವಿಧಾನವಾಗಿದೆ. ಪಾತ್ರೆ ತೊಳೆಯುವ ದ್ರವಸಾಬೂನು ಮತ್ತು ನೀರನ್ನು ಸಮಪ್ರಮಾಣದಲ್ಲಿ ಬೆರೆಸಿ, ಕುಂಚದಿಂದ ಹಚ್ಚಲಾಗುತ್ತದೆ. ಬೆಂಕಿಕಡ್ಡಿ ಗೀರಿ ಸೋರಿಕೆ ಹುಡುಕುವುದು ಮಾರಕವಾಗಬಲ್ಲ ತಪ್ಪು. ಪರೀಕ್ಷೆಯ ಕ್ರಮ ಹೀಗಿದೆ:

1. ಗ್ರಿಲ್ಲನ್ನು ಬಯಲಿಗೆ ತಂದು ಮುಚ್ಚಳ ತೆರೆದಿಡಬೇಕು. ಸುತ್ತ ಬೆಂಕಿ, ಸಿಗರೇಟು, ಕಿಡಿ ಹಾರಿಸುವ ಯಂತ್ರ ಇರಬಾರದು.
2. ಕೊಳವೆಯನ್ನು ಪೂರ್ತಿ ಉದ್ದಕ್ಕೂ ಬಾಗಿಸಿ ನೋಡಬೇಕು. ರಬ್ಬರ್ ಸೀಳಿದ್ದರೆ, ಗಡುಸಾಗಿದ್ದರೆ, ಕರಗಿದ್ದರೆ ಅಥವಾ ಇಲಿ ಕಡಿದ ಗುರುತಿದ್ದರೆ ಪರೀಕ್ಷೆಯನ್ನು ಮುಂದುವರಿಸದೆ ಹೊಸ ಕೊಳವೆ ಹಾಕಬೇಕು.
3. ಎಲ್ಲ ಗುಂಡಿಗಳೂ ಮುಚ್ಚಿವೆಯೆಂದು ಖಚಿತಪಡಿಸಿಕೊಂಡು ರೆಗ್ಯುಲೇಟರ್ ಜೋಡಿಸಬೇಕು. ಟೈಪ್ 1 ಜೋಡಣೆಯ ಪ್ಲಾಸ್ಟಿಕ್ ತಿರುಗಣೆಯನ್ನು ಕೈಯಿಂದ ಮಾತ್ರ ಬಿಗಿಮಾಡಬೇಕು.
4. ಸಿಲಿಂಡರ್ ಕವಾಟವನ್ನು ನಿಧಾನವಾಗಿ ತೆರೆಯಬೇಕು.
5. ಸಿಲಿಂಡರ್ ಕವಾಟದ ಬುಡ, ರೆಗ್ಯುಲೇಟರ್ ಜೋಡಣೆ, ಕೊಳವೆಯ ಎರಡೂ ತುದಿಗಳು, ಹಂಚುಕೊಳವೆ, ಪ್ರತಿ ಗುಂಡಿಯ ಹಿಂದಿನ ಕವಾಟ, ಪಕ್ಕದ ಬರ್ನರ್ ಇದ್ದರೆ ಅದರ ಕೊಳವೆ, ಇವೆಲ್ಲಕ್ಕೂ ಸಾಬೂನು ನೀರು ಹಚ್ಚಬೇಕು.
6. ಒಂದೆರಡು ನಿಮಿಷ ಗಮನಿಸಬೇಕು. ಹೊಸದಾಗಿ ಹುಟ್ಟಿ ಬೆಳೆಯುವ ಗುಳ್ಳೆ ಸೋರಿಕೆಯ ಲಕ್ಷಣ.
7. ಪರೀಕ್ಷೆಯ ನಂತರ ಸಿಲಿಂಡರ್ ಮುಚ್ಚಿ, ಸಾಬೂನನ್ನು ನೀರಿನಿಂದ ತೊಳೆಯಬೇಕು.

ಜೋಡಣೆಯಲ್ಲಿ ಸೋರಿಕೆ ಕಂಡರೆ ಸಿಲಿಂಡರ್ ಮುಚ್ಚಿ, ಮತ್ತೆ ಬಿಗಿಮಾಡಿ, ಪುನಃ ಪರೀಕ್ಷಿಸಬಹುದು. ನಂತರವೂ ಗುಳ್ಳೆ ಬಂದರೆ ಆ ಭಾಗವನ್ನು ಬದಲಾಯಿಸಬೇಕು. ಕೊಳವೆಗೆ ಅಂಟುಪಟ್ಟಿ ಸುತ್ತುವುದು, ಅಂಟು ಹಚ್ಚುವುದು ದುರಸ್ತಿಯಲ್ಲ. ಸಿಲಿಂಡರ್ ಮುಚ್ಚಿದ ಮೇಲೂ ಅನಿಲ ಹೊರಬರುತ್ತಿದ್ದರೆ ಅಲ್ಲಿಂದ ದೂರ ಸರಿದು ಅಗ್ನಿಶಾಮಕ ದಳವನ್ನು ಕರೆಯಬೇಕು. ಉತ್ತರ ಅಮೆರಿಕದಲ್ಲಿ ಈ ತುರ್ತುಕರೆಯ ಸಂಖ್ಯೆ 911.

ಗುಂಡಿ ಮುಚ್ಚಿದ್ದರೂ ಬರ್ನರ್ ಬಳಿ ಅನಿಲದ ವಾಸನೆ ಬಂದರೆ ಕವಾಟದ ಒಳಭಾಗ ಸವೆದಿದೆ ಎಂದರ್ಥ. ಇಂತಹ ಕವಾಟವನ್ನು ಬಿಚ್ಚಿ ಸರಿಪಡಿಸುವ ಬದಲು ಪೂರ್ಣವಾಗಿ ಬದಲಾಯಿಸಬೇಕು.

## ಸಾಮಾನ್ಯ ದೋಷಗಳು ಮತ್ತು ದುರಸ್ತಿ

### ಎಲ್ಲ ಬರ್ನರ್‌ಗಳಲ್ಲೂ ಜ್ವಾಲೆ ಸಣ್ಣದಾಗಿರುವುದು

ಗ್ರಿಲ್ ಕಾಯುವುದೇ ಇಲ್ಲ ಎಂಬುದು ಅದನ್ನು ಮಾರಲು ಜನರು ಕೊಡುವ ಕಾರಣಗಳಲ್ಲೊಂದು. ಅನೇಕ ಸಲ ಇಲ್ಲಿ ಯಾವ ಭಾಗವೂ ಕೆಟ್ಟಿರುವುದಿಲ್ಲ. ಟೈಪ್ 1 ಜೋಡಣೆಯಲ್ಲಿ ಅತಿಹರಿವು ತಡೆಯುವ ಏರ್ಪಾಡಿದೆ. ಕೊಳವೆ ತುಂಡಾದರೆ ಅನಿಲದ ಹರಿವನ್ನು ಬಹುಪಾಲು ನಿಲ್ಲಿಸುವುದು ಅದರ ಕೆಲಸ. ಗುಂಡಿ ತೆರೆದಿರುವಾಗ ಸಿಲಿಂಡರ್ ತೆರೆದರೆ ಅಥವಾ ಸಿಲಿಂಡರನ್ನು ಒಮ್ಮೆಲೇ ತೆರೆದರೆ, ಸೋರಿಕೆಯಾಗಿದೆ ಎಂಬಂತೆ ಅದು ಹರಿವನ್ನು ಕಡಿತಗೊಳಿಸುತ್ತದೆ.

ಪರಿಹಾರಕ್ಕಾಗಿ ಗುಂಡಿಗಳನ್ನೂ ಸಿಲಿಂಡರನ್ನೂ ಮುಚ್ಚಿ, ರೆಗ್ಯುಲೇಟರ್ ಬಿಚ್ಚಿ, ಮುಚ್ಚಳ ತೆರೆದು ಕೆಲವು ನಿಮಿಷ ಕಾಯಬೇಕು. ಮತ್ತೆ ಜೋಡಿಸಿ ಸಿಲಿಂಡರನ್ನು ಬಹಳ ನಿಧಾನವಾಗಿ ತೆರೆದು, ಆನಂತರವೇ ಒಂದು ಗುಂಡಿಯನ್ನು ತಿರುಗಿಸಿ ಹೊತ್ತಿಸಬೇಕು. ಹೀಗೆ ಮಾಡಿದರೂ ಜ್ವಾಲೆ ಏಳದಿದ್ದರೆ, ಇನ್ನೊಂದು ಸಿಲಿಂಡರ್‌ನೊಡನೆಯೂ ಹಾಗೆಯೇ ಇದ್ದರೆ, ರೆಗ್ಯುಲೇಟರ್ ಬದಲಾಯಿಸಬೇಕು. ರೆಗ್ಯುಲೇಟರನ್ನು ಬಿಚ್ಚಿ ದುರಸ್ತಿ ಮಾಡುವುದಿಲ್ಲ. ಕೊಳವೆಯೊಡನೆ ಒಂದೇ ಘಟಕವಾಗಿ ಬದಲಾಯಿಸುವುದು ರೂಢಿ.

### ಒಂದೇ ಬರ್ನರ್ ಸರಿಯಾಗಿ ಉರಿಯದಿರುವುದು

ಇದಕ್ಕೆ ಸಾಮಾನ್ಯ ಕಾರಣ ವೆಂಚುರಿ ಕೊಳವೆಯಲ್ಲಿ ಜೇಡ ಅಥವಾ ಇತರ ಕೀಟ ಕಟ್ಟಿದ ಗೂಡು. ಚಳಿಗಾಲವಿಡೀ ಬಳಸದೆ ಇಟ್ಟ ಗ್ರಿಲ್‌ಗಳಲ್ಲಿ ಇದು ಹೆಚ್ಚು. ಗೂಡು ಅಡ್ಡವಾದಾಗ ಅನಿಲ ಮುಂದೆ ಹೋಗದೆ ಹಿಂದಕ್ಕೆ ಹೊರಳಿ ಗುಂಡಿಗಳ ಹಿಂಬದಿಯಲ್ಲಿ ಹೊತ್ತಿಕೊಳ್ಳಬಹುದು. ಬರ್ನರನ್ನು ಹೊರತೆಗೆದು, ಉದ್ದ ಕೊಳವೆಕುಂಚದಿಂದ ಒಳಭಾಗ ಶುಚಿಗೊಳಿಸಬೇಕು. ಮುಚ್ಚಿದ ಸಾಲುರಂಧ್ರಗಳನ್ನು ತೆಳುತಂತಿಯಿಂದ ಬಿಡಿಸಬೇಕು, ಹಿಗ್ಗಿಸಬಾರದು.

ಮತ್ತೆ ಕೂರಿಸುವಾಗ ಕವಾಟದ ಹಿತ್ತಾಳೆ ಮೂತಿಯು ವೆಂಚುರಿ ಕೊಳವೆಯ ಬಾಯಿಯ ಒಳಗೆ ನೇರವಾಗಿ ಹೊಕ್ಕಿರಬೇಕು. ಹೊಕ್ಕದಿದ್ದರೆ ಅನಿಲ ಬರ್ನರ್‌ಗೆ ಹೋಗದೆ ಹೊರಗೆ ಸುರಿಯುತ್ತದೆ. ಹವ್ಯಾಸಿ ದುರಸ್ತಿಯಲ್ಲಿ ಆಗಬಹುದಾದ ಅತಿ ಅಪಾಯಕಾರಿ ತಪ್ಪುಗಳಲ್ಲಿ ಇದೂ ಒಂದು. ಪ್ರತಿ ಬರ್ನರ್ ಕೂರಿಸಿದ ಮೇಲೂ ಬಗ್ಗಿ ಕಣ್ಣಾರೆ ನೋಡಿ ಖಚಿತಪಡಿಸಿಕೊಳ್ಳಬೇಕು.

### ಹಳದಿ ಜ್ವಾಲೆ

ಸರಿಯಾದ ಜ್ವಾಲೆ ನೀಲಿಯಾಗಿದ್ದು, ತುದಿಯಲ್ಲಿ ಸ್ವಲ್ಪ ಹಳದಿ ಇರಬಹುದು. ಪೂರ್ತಿ ಹಳದಿಯಾಗಿ ಮಸಿ ಉಗುಳುವ ಜ್ವಾಲೆಗೆ ಗಾಳಿ ಸಾಲದು. ಮೊದಲು ವೆಂಚುರಿ ಕೊಳವೆಯ ಅಡಚಣೆ ತೆಗೆದು, ನಂತರ ಗಾಳಿತೆರಪಿನ ತಗಡನ್ನು ಸ್ವಲ್ಪ ತೆರೆಯಬೇಕು. ಜ್ವಾಲೆ ಬರ್ನರ್ ಬಿಟ್ಟು ಮೇಲೆದ್ದು ಭರ್ರೆಂದು ಸದ್ದು ಮಾಡುತ್ತಿದ್ದರೆ ಗಾಳಿ ಹೆಚ್ಚಾಗಿದೆ, ತೆರಪನ್ನು ಕಿರಿದುಗೊಳಿಸಬೇಕು.

### ಕಿಡಿ ಬಾರದಿರುವುದು

ವಿದ್ಯುತ್‌ಕೋಶದಿಂದ ನಡೆಯುವ ಮಾದರಿಗಳಲ್ಲಿ ಮೊದಲು ಕೋಶ ಬದಲಾಯಿಸಿ, ಅದರ ಗೂಡಿನ ತುಕ್ಕು ಉಜ್ಜಬೇಕು. ಒತ್ತಿದರೆ ಟಕ್ಕೆನ್ನುವ ಪೀಜೋ ಮಾದರಿಗಳಲ್ಲಿ ಕೋಶವಿರುವುದಿಲ್ಲ. ಅಲ್ಲಿ ತಂತಿ ಕಳಚಿರುವುದು, ಕಿಡಿಕಡ್ಡಿಯ ಪಿಂಗಾಣಿ ಸೀಳಿರುವುದು ಅಥವಾ ತುದಿಯಲ್ಲಿ ಜಿಡ್ಡು ಕೂತಿರುವುದು ಕಾರಣ. ಕಿಡಿಕಡ್ಡಿಯ ತುದಿಗೂ ಬರ್ನರ್‌ಗೂ ನಡುವೆ ಕೆಲವೇ ಮಿಲಿಮೀಟರ್ ಅಂತರವಿರಬೇಕು. ಉದ್ದ ಹಿಡಿಯ ಲೈಟರ್‌ನಿಂದಲೂ ಹೊತ್ತಿಸಬಹುದಾದ್ದರಿಂದ ಈ ಒಂದು ದೋಷಕ್ಕಾಗಿ ಉತ್ತಮ ಗ್ರಿಲ್ಲನ್ನು ತಿರಸ್ಕರಿಸಬೇಕಾಗಿಲ್ಲ. ಹೊತ್ತಿಸುವಾಗ ಮುಚ್ಚಳ ತೆರೆದಿರಲೇಬೇಕು. ಕೆಲವು ಕ್ಷಣಗಳಲ್ಲಿ ಹೊತ್ತದಿದ್ದರೆ ಅನಿಲ ನಿಲ್ಲಿಸಿ, ಐದು ನಿಮಿಷ ಕಾದು ಮತ್ತೆ ಪ್ರಯತ್ನಿಸಬೇಕು.

### ಶಾಖ ಒಂದೇ ಸಮನಾಗಿಲ್ಲದಿರುವುದು

ದುರಸ್ತಿಯ ಕೊನೆಯಲ್ಲಿ ಸರಳುಜಾಲರಿಯ ತುಂಬ ಬ್ರೆಡ್ಡಿನ ಹೋಳುಗಳನ್ನು ಹರಡಿ, ಮಧ್ಯಮ ಉರಿಯಲ್ಲಿ ಒಂದೆರಡು ನಿಮಿಷ ಕಾಯಿಸಿ, ತಿರುಗಿಸಿ ನೋಡುವ ಸುಲಭ ಪರೀಕ್ಷೆಯೊಂದಿದೆ. ಬೇಗ ಕಪ್ಪಾದ ಹೋಳುಗಳು ಹೆಚ್ಚು ಬಿಸಿಯ ಜಾಗವನ್ನೂ ಬೆಳ್ಳಗೆ ಉಳಿದವು ಮುಚ್ಚಿದ ರಂಧ್ರಗಳನ್ನೂ ತೋರಿಸುತ್ತವೆ.

## ಶುಚಿಗೊಳಿಸುವಿಕೆ

ಹಳೆಯ ಗ್ರಿಲ್ಲನ್ನು ಮನೆಗೆ ತಂದೊಡನೆ ಪೂರ್ಣ ಉರಿಯಲ್ಲಿ ಕಾಯಿಸಿ ಕೊಳೆಯನ್ನು ಸುಟ್ಟುಬಿಡುವುದು ಹಲವರ ಅಭ್ಯಾಸ. ತಳದಲ್ಲಿ ಹಳೆಯ ಜಿಡ್ಡು ದಪ್ಪವಾಗಿ ಕೂತಿದ್ದರೆ ಇದರಿಂದಲೇ ಬೆಂಕಿ ಹತ್ತುತ್ತದೆ. ಮೊದಲು ತಳ, ಇಳಿಜಾರು ತಟ್ಟೆ ಮತ್ತು ಜಿಡ್ಡಿನ ಬಟ್ಟಲನ್ನು ಪ್ಲಾಸ್ಟಿಕ್ ಅಥವಾ ಮರದ ಕೆರೆಪಟ್ಟಿಯಿಂದ ಕೆರೆದು, ಬಿಸಿ ಸಾಬೂನು ನೀರಿನಿಂದ ತೊಳೆಯಬೇಕು. ಬರ್ನರ್ ಮತ್ತು ಕವಾಟಗಳೊಳಗೆ ನೀರು ಹೋಗಬಾರದು. ಶುಚಿಯಾದ ಮತ್ತು ಸೋರಿಕೆ ಪರೀಕ್ಷೆ ಮುಗಿದ ಗ್ರಿಲ್ಲನ್ನು ಅಡುಗೆಗೆ ಮುನ್ನ 15ರಿಂದ 20 ನಿಮಿಷ ಖಾಲಿ ಉರಿಸಿದರೆ ಉಳಿದ ಅಂಶ ಸುಟ್ಟುಹೋಗುತ್ತದೆ.

ಜಿಡ್ಡು ಹೊತ್ತಿಕೊಂಡರೆ ನೀರು ಸುರಿಯಬಾರದು. ಗುಂಡಿಗಳನ್ನೂ, ಕೈಗೆ ಸುರಕ್ಷಿತವಾಗಿ ನಿಲುಕಿದರೆ ಸಿಲಿಂಡರನ್ನೂ ಮುಚ್ಚಬೇಕು. ಸಣ್ಣ ಬೆಂಕಿಯ ಮೇಲೆ ಅಡುಗೆ ಸೋಡಾ ಎರಚಬಹುದು.

ಸರಳುಗಳನ್ನು ಉಜ್ಜುವ ತಂತಿಕುಂಚದ ಎಳೆಗಳು ಉದುರಿ ಆಹಾರದೊಡನೆ ಹೊಟ್ಟೆ ಸೇರಿ ಗಾಯ ಮಾಡಿದ ಪ್ರಕರಣಗಳಿವೆ. ರೋಡ್ ಐಲೆಂಡ್ ರಾಜ್ಯದ ಪ್ರಾವಿಡೆನ್ಸ್‌ನಲ್ಲಿ ಇಂತಹ 6 ಪ್ರಕರಣಗಳನ್ನು ಅಮೆರಿಕದ ರೋಗ ನಿಯಂತ್ರಣ ಮತ್ತು ತಡೆ ಕೇಂದ್ರವು 2012ರಲ್ಲಿ ಪ್ರಕಟಿಸಿತು. ಹಳೆಯ ಗ್ರಿಲ್ ಜೊತೆ ಬಂದ ಸವೆದ ಕುಂಚವನ್ನು ಬಿಸಾಡಿ, ಸರಳುಗಳನ್ನು ಒದ್ದೆ ಬಟ್ಟೆಯಿಂದ ಒರೆಸಿಯೇ ಅಡುಗೆ ಮಾಡಬೇಕು.

ಹೊರಮೈಗೆ ಶಾಖ ತಾಳುವ ಬಣ್ಣ ಬಳಿಯಬಹುದು. ಒಡಲಿನ ಒಳಗೆ, ಸರಳುಗಳಿಗೆ ಮತ್ತು ಬರ್ನರ್‌ಗಳಿಗೆ ಬಳಿಯಬಾರದು. ಸತುವಿನ ಲೇಪವುಳ್ಳ ತಗಡು ಅಥವಾ ಜಾಲರಿಯನ್ನು ಬದಲಿಭಾಗವಾಗಿ ಬಳಸುವುದೂ ಸಲ್ಲದು. ಅತಿಶಾಖದಲ್ಲಿ ಸತುವಿನ ಹೊಗೆ ಆರೋಗ್ಯಕ್ಕೆ ಹಾನಿಕರ.

## ದುರಸ್ತಿಯ ಲೆಕ್ಕಾಚಾರ

ಗ್ರಿಲ್ ಕೊಳ್ಳುವ ಮೊದಲೇ ಬೇಕಾಗುವ ಬಿಡಿಭಾಗಗಳ ಪಟ್ಟಿ ಮಾಡಿ ಬೆಲೆ ಕೂಡಿಸುವುದು ಸೂಕ್ತ. ರೆಗ್ಯುಲೇಟರ್, ಕೊಳವೆ ಮತ್ತು ಕಿಡಿಸಾಧನಗಳು ಅಗ್ಗ. ಬರ್ನರ್, ಶಾಖತಟ್ಟೆ, ಸರಳುಜಾಲರಿ ಮೂರನ್ನೂ ಒಟ್ಟಿಗೆ ಕೊಳ್ಳಬೇಕಾದರೆ ವೆಚ್ಚವು ಅಗ್ಗದ ಹೊಸ ಗ್ರಿಲ್‌ನ ಬೆಲೆಯನ್ನು ಮುಟ್ಟಬಹುದು. ದಪ್ಪ ಎರಕದ ಒಡಲುಳ್ಳ, ಬಿಡಿಭಾಗಗಳು ಇನ್ನೂ ದೊರೆಯುವ ಹಳೆಯ ಗ್ರಿಲ್‌ಗೆ ಈ ವೆಚ್ಚ ಸಾರ್ಥಕ. ತೆಳುತಗಡಿನ, ತಯಾರಿಕೆ ನಿಂತುಹೋದ ಮಾದರಿಗೆ ಅಲ್ಲ.

ಉಚಿತವಾಗಿ ಸಿಕ್ಕರೂ ಬಿಡಬೇಕಾದವು ಇವು: ತಳ ತೂತಾದ ಒಡಲು, ದೊಡ್ಡ ಬೆಂಕಿಯಲ್ಲಿ ಸುಟ್ಟ ಗುರುತು, ಬಾಗಿದ ಹಂಚುಕೊಳವೆ, ಹಿಂದಿನ ಮಾಲೀಕರು ಕೊರೆದ ಮೂತಿಗಳು, ಇಂಧನದ ಬಗೆ ತಿಳಿಯದ ಗ್ರಿಲ್, ಬದಲಿ ಕವಾಟ ಸಿಗದ ಮಾದರಿ.

## ಬಳಕೆಯ ಸ್ಥಳದ ನಿಯಮಗಳು

ಗ್ಯಾಸ್ ಗ್ರಿಲ್ ಹೊರಾಂಗಣ ಸಾಧನ. ಮುಚ್ಚಿದ ಜಾಗದಲ್ಲಿ ಅದು ಉಗುಳುವ ಇಂಗಾಲದ ಮೊನಾಕ್ಸೈಡ್ ಜೀವ ತೆಗೆಯಬಲ್ಲದು. ಕಾರು ಕೋಣೆಯ ಬಾಗಿಲು ತೆರೆದಿಟ್ಟರೂ ಅಲ್ಲಿ ಉರಿಸುವುದು ಸುರಕ್ಷಿತವಲ್ಲ.

ಅಮೆರಿಕದ ಅನೇಕ ರಾಜ್ಯ ಮತ್ತು ನಗರಗಳು ಅಳವಡಿಸಿಕೊಂಡಿರುವ ಅಂತರರಾಷ್ಟ್ರೀಯ ಅಗ್ನಿ ಸಂಹಿತೆಯ ಪ್ರಕಾರ, ಬಹುಮನೆ ಕಟ್ಟಡಗಳಲ್ಲಿ ಉರಿಯಬಲ್ಲ ವಸ್ತುವಿನ ಬಾಲ್ಕನಿಯ ಮೇಲೆ ಅಥವಾ ಅಂತಹ ನಿರ್ಮಾಣದಿಂದ 10 ಅಡಿಗಳೊಳಗೆ ತೆರೆದ ಜ್ವಾಲೆಯ ಅಡುಗೆ ಸಾಧನ ಬಳಸುವಂತಿಲ್ಲ. ಒಂದು ಅಥವಾ ಎರಡು ಕುಟುಂಬಗಳ ಮನೆಗಳಿಗೆ ಮತ್ತು ತುಂತುರು ವ್ಯವಸ್ಥೆಯಿರುವ ಕಟ್ಟಡಗಳಿಗೆ ವಿನಾಯಿತಿಗಳಿವೆ. ಸ್ಥಳೀಯ ನಿಯಮ ಇದಕ್ಕಿಂತ ಬಿಗಿಯಾಗಿರಬಹುದು. ಅಪಾರ್ಟ್‌ಮೆಂಟ್ ನಿವಾಸಿಗಳು, ಉದ್ಯೋಗ ಅಥವಾ ವ್ಯಾಸಂಗಕ್ಕೆಂದು ಹೊಸದಾಗಿ ಹೋದ ಭಾರತೀಯರೂ ಸೇರಿದಂತೆ, ಗ್ರಿಲ್ ಕೊಳ್ಳುವ ಮುನ್ನ ಬಾಡಿಗೆ ಕರಾರನ್ನೂ ಸ್ಥಳೀಯ ನಿಯಮವನ್ನೂ ನೋಡಬೇಕಾಗುತ್ತದೆ.

## ಭಾರತದಲ್ಲಿ ಬಳಕೆ

ವಿದೇಶದಿಂದ ಮರಳುವವರು ಗ್ರಿಲ್ಲನ್ನು ಭಾರತಕ್ಕೆ ತಂದರೆ ಅದನ್ನು ಇಲ್ಲಿನ ಸಿಲಿಂಡರ್‌ಗೆ ನೇರವಾಗಿ ಜೋಡಿಸಲಾಗುವುದಿಲ್ಲ. ಭಾರತದ 14.2 ಕಿಲೋಗ್ರಾಂ ಮನೆಬಳಕೆಯ ಸಿಲಿಂಡರ್‌ಗೆ ಒತ್ತಿ ಕೂರಿಸುವ ರೆಗ್ಯುಲೇಟರ್ ಇದ್ದು, ಅಮೆರಿಕದ ತಿರುಗಣೆ ಜೋಡಣೆ ಅದಕ್ಕೆ ಹೊಂದುವುದಿಲ್ಲ. ಇಲ್ಲಿನ ಅನಿಲವು ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣ. ರೆಗ್ಯುಲೇಟರ್‌ನಿಂದ ಹೊರಡುವ ಒತ್ತಡಗಳು ಎರಡೂ ದೇಶಗಳಲ್ಲಿ ಹತ್ತಿರ ಹತ್ತಿರವಿದ್ದರೂ, ತಾತ್ಕಾಲಿಕ ಜೋಡಣೆಗಳನ್ನು ಮಾಡಿಕೊಳ್ಳುವುದು ಅಪಾಯಕಾರಿ.

ತಪಾಸಣೆಯ ತತ್ತ್ವಗಳು ಮಾತ್ರ ಭಾರತದ ಮನೆಗಳ ಗ್ಯಾಸ್ ಒಲೆಗೂ ಅನ್ವಯಿಸುತ್ತವೆ. ಸಾಬೂನು ನೀರಿನ ಪರೀಕ್ಷೆ, ನೀಲಿ ಜ್ವಾಲೆ, ಶುಚಿಯಾದ ಬರ್ನರ್ ರಂಧ್ರಗಳು ಇಲ್ಲಿಯೂ ಅಷ್ಟೇ ಮುಖ್ಯ. ಸುರಕ್ಷಾ ಕೊಳವೆಯನ್ನು 5 ವರ್ಷಕ್ಕೊಮ್ಮೆ ಬದಲಾಯಿಸುವಂತೆ ತೈಲ ಸಂಸ್ಥೆಗಳು ಸೂಚಿಸುತ್ತವೆ. ಅಡುಗೆ ಅನಿಲ ಸೋರಿಕೆಯ ತುರ್ತು ಸಹಾಯವಾಣಿಯ ಸಂಖ್ಯೆ 1906.

## ಇವನ್ನೂ ನೋಡಿ

- ಪ್ರೊಪೇನ್
- ದ್ರವೀಕೃತ ಪೆಟ್ರೋಲಿಯಂ ಅನಿಲ
- ನೈಸರ್ಗಿಕ ಅನಿಲ
- ಇಂಗಾಲದ ಮೊನಾಕ್ಸೈಡ್
- ತುಕ್ಕು